ಒಳಗಿನಿಂದ ನೀಡುವ ವಿಕಿರಣ: ಅಳತೆಯೇ ಅದರ ಪ್ರಾಣ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸದ್ಭಕ್ತರಲ್ಲಿ ಹಲವರು ಗರ್ಭಕೊರಳಿನ ಕ್ಯಾನ್ಸರಿನ ಚಿಕಿತ್ಸೆಗಾಗಿ ಮನೆಯ ತಾಯಂದಿರನ್ನು ಹುಬ್ಬಳ್ಳಿಗೋ ಬೆಳಗಾವಿಗೋ ಕರೆದೊಯ್ಯುತ್ತಾರೆ. ನಮ್ಮ ಜನರು ‘ಕರೆಂಟು ಕೊಡುವುದು’ ಎಂದು ಕರೆಯುವ ವಿಕಿರಣ ಚಿಕಿತ್ಸೆಯು ಹೊರಗಿನಿಂದ ಸುಮಾರು ಐದು ವಾರ ನಡೆಯುತ್ತದೆ. ಅಷ್ಟರಲ್ಲಿ ರಕ್ತಸ್ರಾವ ನಿಲ್ಲುತ್ತದೆ, ನೋವು ತಗ್ಗುತ್ತದೆ. “ಇನ್ನು ಒಳಗಿನಿಂದ ಕೊಡಬೇಕು” ಎಂದು ವೈದ್ಯರು ಹೇಳಿದಾಗ, ಗುಣವಾಯಿತೆಂದು ಭಾವಿಸಿಯೋ ಅಂಜಿಯೋ ಊರಿಗೆ ಮರಳಿಬಿಡುವವರುಂಟು. ಇದು ಪ್ರಾಣಕ್ಕೆ ಎರವಾಗುವ ತಪ್ಪು.

ಒಳಗಿನಿಂದ ಏಕೆ?

ವಿಕಿರಣವನ್ನು ‘ಗ್ರೇ’ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಕಿಲೋ ತೂಕದ ಅಂಗಾಂಶವು ಒಂದು ಜೌಲ್ ಶಕ್ತಿಯನ್ನು ಹೀರಿಕೊಂಡರೆ ಅದು 1 ಗ್ರೇ. ಹೊರಗಿನಿಂದ 45ರಿಂದ 50 ಗ್ರೇ ಕೊಡುತ್ತಾರೆ. ಆದರೆ ಗಡ್ಡೆ ಪೂರ್ಣ ನಾಶವಾಗಲು ಒಟ್ಟು 80ರಿಂದ 90 ಗ್ರೇ ಬೇಕು. ಉಳಿದುದನ್ನೂ ಹೊರಗಿನಿಂದಲೇ ಕೊಟ್ಟರೆ ಪಕ್ಕದ ಮೂತ್ರಕೋಶ, ಗುದನಾಳಗಳು ಬೆಂದುಹೋಗುತ್ತವೆ. ಆದ್ದರಿಂದ ಇರಿಡಿಯಂ-192 ಎಂಬ ಧಾತುವಿನ ಸಣ್ಣ ತುಣುಕನ್ನು ತೆಳುವಾದ ತಂತಿಯ ತುದಿಯಲ್ಲಿಟ್ಟು, ನಳಿಕೆಯ ಮೂಲಕ ಗಡ್ಡೆಯ ಬಳಿಗೇ ಕಳಿಸುತ್ತಾರೆ. ಕೂರಿಗೆಯು ಗೊತ್ತಾದ ಅಂತರದಲ್ಲಿ ಬೀಜ ಬಿಡುವಂತೆ, ಈ ತುಣುಕು ಗೊತ್ತಾದ ಠಾವುಗಳಲ್ಲಿ ಗೊತ್ತಾದಷ್ಟು ಸೆಕೆಂಡು ನಿಂತು ಮುಂದೆ ಸಾಗುತ್ತದೆ. ಇದಕ್ಕೆ ಬ್ರಾಕಿಥೆರಪಿ ಎಂದು ಹೆಸರು.

ಮೂರು ಅಳತೆಗಳು

ಮೊದಲನೆಯದು ಮೂಲದ ಬಲ. ಇರಿಡಿಯಂ ದಿನಕ್ಕೆ ಸುಮಾರು ಶೇಕಡಾ 1ರಷ್ಟು ಕ್ಷೀಣಿಸಿ, 74 ದಿನಗಳಲ್ಲಿ ಅರ್ಧವಾಗುತ್ತದೆ. ಹೊಸ ತುಣುಕಿನಿಂದ 10 ನಿಮಿಷದಲ್ಲಿ ಮುಗಿಯುವ ಚಿಕಿತ್ಸೆಗೆ ಆಗ 20 ನಿಮಿಷ ಬೇಕು. ಆಸ್ಪತ್ರೆಯ ಭೌತವಿಜ್ಞಾನಿಗಳು ಪ್ರತಿ ಹೊಸ ತುಣುಕಿನ ಬಲವನ್ನು ಬಾವಿಯಾಕಾರದ ಉಪಕರಣದಲ್ಲಿ ತಾವೇ ಅಳೆದು, ತಯಾರಕರು ಕೊಟ್ಟ ಅಂಕಿಯೊಡನೆ ತಾಳೆ ನೋಡುತ್ತಾರೆ.

ಎರಡನೆಯದು ದೂರ. ದೀಪದಿಂದ ಇಮ್ಮಡಿ ದೂರ ಸರಿದರೆ ಬೆಳಕು ಕಾಲುಭಾಗಕ್ಕೆ ಇಳಿಯುವಂತೆ ವಿಕಿರಣವೂ ಇಳಿಯುತ್ತದೆ. 20 ಮಿಲಿಮೀಟರ್ ದೂರದಲ್ಲಿರಬೇಕಾದ ಅಂಗವು 18ಕ್ಕೆ ಬಂದರೆ ಅದಕ್ಕೆ ತಗಲುವ ವಿಕಿರಣ ಶೇಕಡಾ 23ರಷ್ಟು ಹೆಚ್ಚುತ್ತದೆ. ನಳಿಕೆ ಇಟ್ಟ ಬಳಿಕ ಸ್ಕ್ಯಾನ್ ಮಾಡುವುದೂ, ಅಲುಗಾಡಬೇಡಿರೆಂದು ಹೇಳುವುದೂ ಇದಕ್ಕಾಗಿಯೇ.

ಮೂರನೆಯದು ಕಾಲ. ಪ್ರತಿ ಠಾವಿನಲ್ಲಿ ಎಷ್ಟು ಸೆಕೆಂಡು ನಿಲ್ಲಬೇಕೆಂಬುದನ್ನು ಗಣಕಯಂತ್ರ ಲೆಕ್ಕಹಾಕುತ್ತದೆ. ಒಳಗಿನ ಹೊರಗಿನ ವಿಕಿರಣಗಳನ್ನು ಸಮಾನ ಲೆಕ್ಕಕ್ಕೆ ತಂದು ಕೂಡಿಸಿದಾಗ, ಅತಿ ಹೆಚ್ಚು ತಗಲುವ 2 ಘನ ಸೆಂಟಿಮೀಟರ್ ಭಾಗದಲ್ಲಿ ಮೂತ್ರಕೋಶಕ್ಕೆ 90 ಗ್ರೇ, ಗುದನಾಳಕ್ಕೆ 75 ಗ್ರೇ ಮೀರದಂತೆ ನೋಡಿಕೊಳ್ಳುವುದು ರೂಢಿ.

ಅಳತೆಯನ್ನು ಕಡೆಗಣಿಸಿದರೆ

1992ರ ನವೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಇಂಡಿಯಾನಾ ಎಂಬ ಊರಿನಲ್ಲಿ ತಂತಿ ತುಂಡಾಗಿ, ಇರಿಡಿಯಂ ರೋಗಿಯ ದೇಹದಲ್ಲಿಯೇ ಉಳಿಯಿತು. ಕೋಣೆಯ ಎಚ್ಚರಿಕೆಯ ಸಾಧನ ವಿಕಿರಣವಿದೆಯೆಂದು ಸಾರುತ್ತಿತ್ತು. ಯಂತ್ರದ ಫಲಕ ಮಾತ್ರ ಮೂಲವು ಒಳಸೇರಿದೆಯೆಂದಿತು. ಸಿಬ್ಬಂದಿ ಫಲಕವನ್ನು ನಂಬಿದರು, ಕೈಮಾಪಕ ಹಿಡಿದು ನೋಡಲಿಲ್ಲ. ಕೆಲವೇ ದಿನಗಳಲ್ಲಿ ಆ ವೃದ್ಧೆ ತೀರಿಕೊಂಡರು. ಒಂದು ನಿಮಿಷದ ಅಳತೆ ಆ ಜೀವವನ್ನು ಉಳಿಸಬಹುದಿತ್ತು. ಭಾರತದಲ್ಲಿ 1983ರಲ್ಲಿ ಸ್ಥಾಪಿತವಾದ ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿಯಿಲ್ಲದೆ ಯಾವ ಆಸ್ಪತ್ರೆಯೂ ಈ ಚಿಕಿತ್ಸೆ ನಡೆಸುವಂತಿಲ್ಲ.

ಮನೆಯವರ ಕರ್ತವ್ಯ

ಹೊರಗಿನ ಮತ್ತು ಒಳಗಿನ ಚಿಕಿತ್ಸೆಗಳೆರಡೂ ಸೇರಿ ಎಂಟು ವಾರಗಳೊಳಗೆ ಮುಗಿಯಬೇಕು. ಜಾತ್ರೆ, ಮದುವೆ, ಸುಗ್ಗಿಗಳ ನೆವದಿಂದ ಸರದಿ ತಪ್ಪಿಸಬಾರದು. ಹೊಟ್ಟೆ ಮತ್ತು ಮೂತ್ರಕೋಶಗಳ ಬಗ್ಗೆ ಕೊಟ್ಟ ಸೂಚನೆಗಳನ್ನು ಚಾಚೂ ತಪ್ಪದೆ ಪಾಲಿಸಬೇಕು.

ಇನ್ನೊಂದು ಮಾತು. ಚಿಕಿತ್ಸೆ ಮುಗಿದೊಡನೆ ತುಣುಕು ಯಂತ್ರಕ್ಕೆ ಮರಳುತ್ತದೆ. ರೋಗಿಯ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ. ಆ ತಾಯಿಗೆ ತಟ್ಟೆ ಬೇರೆ, ಹಾಸಿಗೆ ಬೇರೆ ಮಾಡುವುದು, ಮೊಮ್ಮಕ್ಕಳನ್ನು ದೂರವಿಡುವುದು ಅಜ್ಞಾನ. ಥೈರಾಯ್ಡ್ ಕ್ಯಾನ್ಸರಿಗೆ ಅಯೋಡಿನ್-131 ಸೇವಿಸಿದವರ ವಿಷಯ ಮಾತ್ರ ಬೇರೆ. ಅವರು ವೈದ್ಯರು ಹೇಳಿದಷ್ಟು ದಿನ ಅಂತರ ಕಾಯಬೇಕು.

ಮುಟ್ಟು ನಿಂತ ಮೇಲೆ ರಕ್ತ ಕಾಣಿಸಿದರೆ, ಕೂಡಿದ ಬಳಿಕ ರಕ್ತ ಹೋದರೆ, ದುರ್ವಾಸನೆಯ ಸ್ರಾವವಾದರೆ ನಾಚಿಕೊಳ್ಳದೆ ಕೂಡಲೇ ತೋರಿಸಿರಿ. ಬೇಗ ಗುರುತಿಸಿದ ರೋಗ, ಸರಿಯಾಗಿ ಅಳೆದ ಚಿಕಿತ್ಸೆ, ನಡುವೆ ಬಿಡದ ಧೈರ್ಯ, ಈ ಮೂರೂ ಕೂಡಿದರೆ ಎಷ್ಟೋ ಮನೆಗಳ ತಾಯಂದಿರು ಉಳಿಯುತ್ತಾರೆ.