ಬಾಡುವ ಪೈರು ಮತ್ತು ಅಬ್ಸಿಸಿಕ್ ಆಮ್ಲ: ಒಂದು ಪಾಠ ಟಿಪ್ಪಣಿ

ತರಗತಿ: 10
ಘಟಕ: ನಿಯಂತ್ರಣ ಮತ್ತು ಸಹಭಾಗಿತ್ವ
ಉಪಘಟಕ: ಸಸ್ಯ ಹಾರ್ಮೋನುಗಳು

ಪಾಠದ ಅಗತ್ಯ

ಪಠ್ಯಪುಸ್ತಕ ಅಬ್ಸಿಸಿಕ್ ಆಮ್ಲದ ಬಗ್ಗೆ ಹೇಳುವುದು ಬಹಳ ಕಡಿಮೆ: ಅದು ಬೆಳವಣಿಗೆಯನ್ನು ತಡೆಯುತ್ತದೆ, ಎಲೆ ಬಾಡುವುದು ಅದರ ಪರಿಣಾಮಗಳಲ್ಲಿ ಒಂದು. ಇಷ್ಟನ್ನೇ ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಈ ಹಾರ್ಮೋನು ಗಿಡದ ಶತ್ರುವಿನಂತೆ ಕಾಣುತ್ತದೆ. ವಾಸ್ತವದಲ್ಲಿ ಎಲೆ ಬಾಡುವುದು ನೀರಿನ ಕೊರತೆಯಿಂದ. ಆ ಕೊರತೆಯನ್ನು ಎದುರಿಸಲು ಗಿಡ ಕಳಿಸುವ ರಾಸಾಯನಿಕ ಸಂಕೇತವೇ ಅಬ್ಸಿಸಿಕ್ ಆಮ್ಲ.

ಪೂರ್ವಜ್ಞಾನ

ಮಳೆ ಕೈಕೊಟ್ಟಾಗ ಹನೂರು ಕಡೆಯ ಹೊಲಗಳಲ್ಲಿ ರಾಗಿ ಗರಿ ಮಧ್ಯಾಹ್ನ ಸುರುಳಿಯಾಗಿ ಸಂಜೆ ಬಿಚ್ಚಿಕೊಳ್ಳುವುದನ್ನು ಮಕ್ಕಳು ಕಂಡಿರುತ್ತಾರೆ. ‘ನೀರಿಲ್ಲದಾಗ ಗಿಡ ಏನು ಮಾಡುತ್ತದೆ?’ ಎಂಬ ಪ್ರಶ್ನೆಯಿಂದ ಪಾಠ ಆರಂಭಿಸಬಹುದು.

ವಿಷಯ ನಿರೂಪಣೆ

ಮಣ್ಣು ಒಣಗಿದಾಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲದ ಪ್ರಮಾಣ ಏರುತ್ತದೆ. ಅದು ಪತ್ರರಂಧ್ರದ ಕಾವಲು ಜೀವಕೋಶಗಳನ್ನು ತಲುಪಿದಾಗ ಅಲ್ಲಿಂದ ಪೊಟ್ಯಾಸಿಯಂ ಅಯಾನುಗಳು ಹೊರಹೋಗುತ್ತವೆ, ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಬಿಗುವು ಕಳೆದುಕೊಂಡ ಕೋಶಗಳು ರಂಧ್ರವನ್ನು ಮುಚ್ಚುತ್ತವೆ, ಬಾಷ್ಪವಿಸರ್ಜನೆ ತಗ್ಗುತ್ತದೆ.

ಇದಕ್ಕೆ ಒಳ್ಳೆಯ ಆಧಾರ ‘ಫ್ಲಾಕ’ ಎಂಬ ಟೊಮೆಟೊ ರೂಪಾಂತರಿ. ಈ ಹಾರ್ಮೋನನ್ನು ಸಾಕಷ್ಟು ತಯಾರಿಸಲಾರದ ಆ ಗಿಡ ಬೇರೆ ಟೊಮೆಟೊಗಳಿಗಿಂತ ಬೇಗ ಬಾಡುತ್ತದೆ. ಹೊರಗಿನಿಂದ ಅಬ್ಸಿಸಿಕ್ ಆಮ್ಲ ಕೊಟ್ಟರೆ ಚೇತರಿಸಿಕೊಳ್ಳುತ್ತದೆ.

ಹೆಸರೂ ಗೊಂದಲಕ್ಕೆ ಕಾರಣ. 1960ರ ದಶಕದಲ್ಲಿ ಹತ್ತಿಕಾಯಿ ಉದುರುವುದನ್ನು ಅಧ್ಯಯನ ಮಾಡುವಾಗ ಸಿಕ್ಕಿದ್ದರಿಂದ ‘ಉದುರುವಿಕೆ’ ಎಂಬ ಅರ್ಥದ ಹೆಸರು ಬಂತು. ಆದರೆ ಎಲೆ, ಕಾಯಿ ಉದುರಿಸುವಲ್ಲಿ ಎಥಿಲೀನ್‌ನ ಪಾತ್ರವೇ ಹೆಚ್ಚು.

ಚಟುವಟಿಕೆ

ಎರಡು ಕುಂಡಗಳಲ್ಲಿ ಅವರೆ ಸಸಿ ಬೆಳೆಸಿ, ಒಂದಕ್ಕೆ ಮೂರ್ನಾಲ್ಕು ದಿನ ನೀರು ನಿಲ್ಲಿಸಿ. ಬೆಳಗ್ಗೆ ಬಿಸಿಲಿನಲ್ಲಿ ಎರಡರ ಎಲೆಯ ತಳಭಾಗಕ್ಕೂ ಬಣ್ಣವಿಲ್ಲದ ಉಗುರುಬಣ್ಣ ಹಚ್ಚಿ, ಒಣಗಿದ ಮೇಲೆ ಪಾರದರ್ಶಕ ಟೇಪಿನಿಂದ ಎತ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿ. ತಲಾ 20 ಪತ್ರರಂಧ್ರಗಳಲ್ಲಿ ತೆರೆದಿರುವುದೆಷ್ಟು ಎಂದು ಮಕ್ಕಳೇ ಎಣಿಸಲಿ. ಎಲೆ ಕಿತ್ತು ತಂದರೆ ರಂಧ್ರಗಳು ಮುಚ್ಚಿಕೊಳ್ಳಬಹುದು; ಗಿಡದಲ್ಲಿದ್ದಾಗಲೇ ಬಣ್ಣ ಹಚ್ಚಬೇಕು.

ಈ ಚಟುವಟಿಕೆ ರಂಧ್ರ ಮುಚ್ಚುವುದನ್ನು ಮಾತ್ರ ತೋರಿಸುತ್ತದೆ, ಹಾರ್ಮೋನನ್ನಲ್ಲ. ಕಂಡದ್ದು ಯಾವುದು, ವಿವರಣೆ ಯಾವುದು ಎಂಬುದನ್ನು ಶಿಕ್ಷಕರು ಬೇರ್ಪಡಿಸಿ ಹೇಳಬೇಕು.

ಮೌಲ್ಯಮಾಪನ

1. ‘ಅಬ್ಸಿಸಿಕ್ ಆಮ್ಲ ಎಲೆಯನ್ನು ಬಾಡಿಸುತ್ತದೆ.’ ಫ್ಲಾಕ ಟೊಮೆಟೊ ಆಧಾರದಿಂದ ಈ ಹೇಳಿಕೆಯನ್ನು ಪರೀಕ್ಷಿಸಿ.
2. ಪತ್ರರಂಧ್ರ ಮುಚ್ಚಿದರೆ ಇಂಗಾಲದ ಡೈಆಕ್ಸೈಡ್ ಒಳಬರುವುದೂ ತಗ್ಗುತ್ತದೆ. ಹಾಗಾದರೆ ನೀರು ತಪ್ಪಿದ ಕೊಳ್ಳೇಗಾಲದ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪಿನ ಇಳುವರಿ ಏನಾಗುತ್ತದೆ?
3. ಯಳಂದೂರಿನ ಗದ್ದೆಯಲ್ಲಿ ನಿಂತ ನೀರಿನಲ್ಲಿರುವ ಭತ್ತ, ಹನೂರಿನ ಒಣಹೊಲದ ರಾಗಿ: ಯಾವುದರಲ್ಲಿ ಈ ಸಂಕೇತ ಹೆಚ್ಚಿರಬಹುದು? ಕಾರಣ ಕೊಡಿ.