ಕವಿಶೈಲ: ಬೆಟ್ಟದ ನೆತ್ತಿಯ ಸಮಾಧಿ

ಬೆಟ್ಟದ ಮೇಲಿನ ರಾಷ್ಟ್ರನಾಯಕರ ಸಮಾಧಿ ಎಂದಾಕ್ಷಣ ನೆನಪಾಗುವುದು ಟರ್ಕಿಯ ಅಂಕಾರಾದಲ್ಲಿರುವ ಅನಿತ್‌ಕಬೀರ್. ಗಣರಾಜ್ಯದ ಸ್ಥಾಪಕ ಮುಸ್ತಫಾ ಕೆಮಾಲ್ ಅತಾತುರ್ಕ್ (ನಿಧನ: 10 ನವೆಂಬರ್ 1938) ಅವರ ಈ ಸ್ಮಾರಕದ ನಿರ್ಮಾಣ 1944ರಿಂದ 1953ರವರೆಗೆ ನಡೆಯಿತು. ರಾಷ್ಟ್ರನಾಯಕರ ಸ್ಮಾರಕ ನಮ್ಮಲ್ಲೂ ಉಂಟು: ವಿಜಯನಗರ ಜಿಲ್ಲೆಯ ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮದ ಸ್ಮಾರಕವಿದೆ. ಪರೀಕ್ಷೆಗೆ ಓದುವವರಿಗೆ ಇದು ತಿಳಿದಿರಲೇಬೇಕು.

ಆದರೆ ಬೆಟ್ಟ, ಸಮಾಧಿ ಎರಡೂ ಕೂಡಿದ ಕನ್ನಡದ ನೆಲೆ ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಶೈಲ. 11 ನವೆಂಬರ್ 1994ರಂದು ಮೈಸೂರಿನಲ್ಲಿ ನಿಧನರಾದ ಕವಿ ಕುವೆಂಪು ಅವರ ಅಂತ್ಯಸಂಸ್ಕಾರ ನಡೆದದ್ದು ಇಲ್ಲೇ. ಸಮಾಧಿಯ ಸುತ್ತಲೂ ವೃತ್ತಾಕಾರವಾಗಿ ನಿಲ್ಲಿಸಿದ ಬೃಹತ್ ಕಲ್ಲುಗಂಬಗಳು, ಅವುಗಳ ಮೇಲೆ ಅಡ್ಡಗಲ್ಲುಗಳು. ಈ ಬೃಹತ್‌ಶಿಲಾ ಮಾದರಿಯ ವಿನ್ಯಾಸ ಕಲಾವಿದ ಕೆ.ಟಿ. ಶಿವಪ್ರಸಾದ್ ಅವರದು. ಅಲ್ಲಿನ ಬಂಡೆಯ ಮೇಲೆ ಗುರುಗಳಾದ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಮತ್ತು ಶಿಷ್ಯ ಕುವೆಂಪು ಅವರ ಹಸ್ತಾಕ್ಷರಗಳನ್ನು ಕೆತ್ತಲಾಗಿದೆ. ಗುರುಶಿಷ್ಯರ ಹೆಸರು ಒಂದೇ ಕಲ್ಲಿನಲ್ಲಿ ಉಳಿದಿರುವುದೇ ನನಗೆ ಈ ತಾಣದ ಅತಿ ದೊಡ್ಡ ಸಂಪತ್ತು. ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಸ್ಮಾರಕವೂ ಕುಪ್ಪಳಿಯಲ್ಲಿದೆ.

ಪರೀಕ್ಷೆಯಲ್ಲಿ ಎಡವುವ ಜಾಗ: ಕುವೆಂಪು ಹುಟ್ಟಿದ್ದು (29 ಡಿಸೆಂಬರ್ 1904) ಕುಪ್ಪಳಿಯಲ್ಲಲ್ಲ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಅದು ತಾಯಿಯ ತವರು. 'ಶ್ರೀ ರಾಮಾಯಣ ದರ್ಶನಂ' ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1955ರಲ್ಲಿ, ಜ್ಞಾನಪೀಠ 1967ನೇ ಸಾಲಿನಲ್ಲಿ. ಕನ್ನಡಕ್ಕೆ ಮೊದಲ ಜ್ಞಾನಪೀಠವೂ ಅದೇ. ಆ ವರ್ಷ ಪ್ರಶಸ್ತಿಯನ್ನು ಗುಜರಾತಿಯ ಉಮಾಶಂಕರ ಜೋಶಿಯವರೊಂದಿಗೆ ಹಂಚಿಕೊಂಡಿದ್ದರು ಎಂಬುದನ್ನು ಮರೆಯದಿರಿ.