ತಲೆಸುತ್ತು ಮತ್ತು ಚಲನೆಯ ಅರಿವು

ಪಾಂಡವಪುರದ ರೈಲು ನಿಲ್ದಾಣದಲ್ಲಿ ನಿಂತ ಗಾಡಿಯೊಳಗೆ ಕುಳಿತಿರುತ್ತೇವೆ. ಪಕ್ಕದ ಹಳಿಯ ಗಾಡಿ ಮೆಲ್ಲಗೆ ಸರಿಯುತ್ತದೆ. ನಮ್ಮ ಗಾಡಿಯೇ ಹೊರಟಿತೆಂದು ಭ್ರಮಿಸುತ್ತೇವೆ. ವಿಶ್ವೇಶ್ವರಯ್ಯ ನಾಲೆಯ ಸೇತುವೆಯ ಮೇಲೆ ನಿಂತು ಹರಿಯುವ ನೀರನ್ನೇ ಎವೆಯಿಕ್ಕದೆ ನೋಡಿದರೂ ಹೀಗೆಯೇ: ನೀರು ನಿಂತಂತಾಗಿ, ಸೇತುವೆ ನಮ್ಮನ್ನು ಹೊತ್ತು ಎದುರುಮುಖವಾಗಿ ತೇಲುತ್ತದೆ. ನಾವು ಚಲಿಸುತ್ತಿದ್ದೇವೆಯೋ ಇಲ್ಲವೋ ಎಂಬ ತೀರ್ಪು ಮೆದುಳಿನದು. ಅದರ ಮುಂದೆ ಸಾಕ್ಷಿ ನುಡಿಯುವವರು ಮೂವರು: ಕಣ್ಣು, ಮೈಯ ಸ್ನಾಯು ಕೀಲುಗಳು, ಒಳಗಿವಿ. ಮೂರನೆಯವನ ಪರಿಚಯ ನನಗಾದದ್ದು ಚಿನಕುರಳಿಯ ನಮ್ಮ ಮನೆಯಲ್ಲಿ.

ಎರಡು ವರ್ಷದ ಹಿಂದೆ ಒಂದು ಬೆಳಗಿನ ಜಾವ ನಮ್ಮಜ್ಜಿ ಮಗ್ಗುಲು ಬದಲಿಸಿದೊಡನೆ ಚಾಪೆಯನ್ನು ಬಿಗಿಹಿಡಿದು ಕೂಗಿಕೊಂಡಳು. "ಚಾಪೆ ಸಮೇತ ಯಾರೋ ಗಿರ್ರನೆ ತಿರುಗಿಸ್ದಂಗಾಯ್ತು ಕಣ್ಲಾ ಮಗ." ಅರ್ಧ ನಿಮಿಷ, ಆಮೇಲೆ ಏನೂ ಇಲ್ಲ. ಇದೇ ದಿನವೂ ಆಯಿತು. ಪಿತ್ತವೆಂದು ಕಷಾಯ ಕುಡಿಸಿದರು, ಗಾಳಿಯೆಂದು ತಾಯಿತ ಕಟ್ಟಿದರು. ಕಾಲೇಜಿನ ಮೆಟ್ಟಿಲು ಹತ್ತಿದ ಮನೆಯ ಮೊದಲಿಗನಾದ ನಾನು, "ಮನೆ ನಿಂತೇ ಇದೆಯಲ್ಲಜ್ಜಿ" ಎಂದು ನಕ್ಕೆ. ಅಂದಿನಿಂದ ಅವಳು ಹೇಳುವುದನ್ನೇ ಬಿಟ್ಟಳು. ಕೊಟ್ಟಿಗೆಗೆ ಹೋಗುವುದನ್ನೂ ಬಿಟ್ಟಳು.

ಇಂಥ ಮಾತಿಗೆ ನಗದೆ ಕಿವಿಗೊಟ್ಟವನು ವಿಯೆನ್ನಾದ ವೈದ್ಯ ರಾಬರ್ಟ್ ಬರಾನಿ. ಕಿವಿ ತೊಳೆಸಿಕೊಳ್ಳುತ್ತಿದ್ದ ರೋಗಿಯೊಬ್ಬ, ನೀರು ತಣ್ಣಗಿದ್ದರೆ ತಲೆ ತಿರುಗುತ್ತದೆಂದು ದೂರಿದ. ಬರಾನಿ ಬಿಸಿನೀರು ಬಿಟ್ಟುನೋಡಿದ. ಆಗಲೂ ತಲೆ ತಿರುಗಿತು, ಆದರೆ ಕಣ್ಣುಗುಡ್ಡೆಗಳು ವಿರುದ್ಧ ದಿಕ್ಕಿಗೆ ಎಳೆದಾಡಿದವು. ಕಿವಿಯೊಳಗಿನ ದ್ರವ ಕಾದರೆ ಒಂದು ಕಡೆಗೂ, ತಣಿದರೆ ಇನ್ನೊಂದು ಕಡೆಗೂ ಹರಿಯುತ್ತದೆಂದು ಅವನು ಊಹಿಸಿದ. 1914ರ ನೊಬೆಲ್ ಬಹುಮಾನ ಅವನಿಗೆ ಸಂದಾಗ ಅವನು ರಷ್ಯದಲ್ಲಿ ಯುದ್ಧಕೈದಿ.

ಪ್ರತಿ ಒಳಗಿವಿಯಲ್ಲಿಯೂ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ಹೊರಳಿದಾಗ ನಾಳದ ದ್ರವ ಹಿಂದುಳಿದು, ಅಡ್ಡಲಾಗಿರುವ ಮೆತ್ತನೆಯ ತೆರೆಯನ್ನು ಬಾಗಿಸುತ್ತದೆ. ನರ ಸುದ್ದಿ ಒಯ್ಯುತ್ತದೆ. ಮಕ್ಕಳು ಅಪ್ಪಾಲೆ ತಿಪ್ಪಾಲೆ ಆಡಿ ಥಟ್ಟನೆ ನಿಂತರೂ ದ್ರವ ಒಡನೆ ನಿಲ್ಲದ ಕಾರಣ ಅಂಗಳ ತಿರುಗುತ್ತದೆ. ನಾಳಗಳ ಪಕ್ಕದ ಚೀಲಗಳಲ್ಲಿ ಸುಣ್ಣದ ಅತಿಸೂಕ್ಷ್ಮ ಹರಳುಗಳಿವೆ. ವಯಸ್ಸಾದವರಲ್ಲಿ ಕೆಲವೊಮ್ಮೆ ಇವು ಕಳಚಿ ನಾಳಕ್ಕೆ ಬೀಳುತ್ತವೆ. ಮಗ್ಗುಲಾದಾಗ ಹರಳು ಉರುಳಿ ದ್ರವವನ್ನು ಎಳೆಯುತ್ತದೆ. ಮೈ ಹೊರಳಿ ಮುಗಿದಿದ್ದರೂ ಕಿವಿ "ಇನ್ನೂ ತಿರುಗುತ್ತಿದ್ದೇನೆ" ಎನ್ನುತ್ತದೆ. ಅಜ್ಜಿ ಸುಳ್ಳು ಹೇಳಿರಲಿಲ್ಲ.

ಮೈಸೂರಿನ ವೈದ್ಯರೊಬ್ಬರು ಅವಳ ತಲೆಯನ್ನು ಬಲಕ್ಕೆ ತಿರುಗಿಸಿ, ಮಂಚದ ಅಂಚಿನಿಂದ ಕೆಳಗೆ ಬಾಗುವಂತೆ ಮಲಗಿಸಿ ಕಣ್ಣನ್ನೇ ನೋಡಿದರು. 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ವಿವರಿಸಿದ ಪರೀಕ್ಷೆಯಿದು. ಕಣ್ಣು ಕುಣಿಯತೊಡಗಿದುದನ್ನು ನಾನೂ ಕಂಡೆ, ನಾಚಿಕೆಯಾಯಿತು. ಬಳಿಕ ಅಮೆರಿಕದ ಎಪ್ಲಿಯ ವಿಧಾನದಂತೆ ತಲೆಯನ್ನು ಹಂತಹಂತವಾಗಿ ಹೊರಳಿಸಿ ಹರಳನ್ನು ನಾಳದಿಂದ ಹೊರಗೆ ಜಾರಿಸಿದರು. ಐದೇ ನಿಮಿಷದ ಕೆಲಸ, ಮಾತ್ರೆಯಿಲ್ಲ. ಒಮ್ಮೆ ಮರುಕಳಿಸಿತು, ಮತ್ತೆ ಹಾಗೆಯೇ ಸರಿಹೋಯಿತು. ಎಲ್ಲ ತಲೆಸುತ್ತೂ ಇದಲ್ಲ. ಮಾತು ತೊದಲಿದರೆ, ಕೈಕಾಲು ಸೋತರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಎರಡೂ ಒಳಗಿವಿಗಳು ಕುಂದಿದವರ ಪಾಡು ಬೇರೆ. ಅವರಿಗೆ ಮನೆ ತಿರುಗದಿರಬಹುದು. ತಮ್ಮ ಮೈ ವಾಲುವುದೇ ಸರಿಯಾಗಿ ತಿಳಿಯದು. ಹಗಲಲ್ಲಿ ಕಣ್ಣು ಆ ಕೊರತೆಯನ್ನು ತುಂಬಿಕೊಡುತ್ತದೆ. ಕತ್ತಲಲ್ಲಿ, ಗದ್ದೆಯ ಬದುವಿನಂಥ ಏರುತಗ್ಗಿನ ನೆಲದಲ್ಲಿ, ಉಳಿದ ಸಾಕ್ಷಿ ಪಾದವೊಂದೇ, ಅದೂ ತಡವರಿಸುತ್ತದೆ. ಮುದುಕರು ರಾತ್ರಿ ಬಿದ್ದರೆ ನಾವು ಕಣ್ಣು ಮಂಜೆಂದಷ್ಟೇ ಹೇಳಿ ಸುಮ್ಮನಾಗುತ್ತೇವೆ.

ಅಜ್ಜಿ ಈಗ ಮತ್ತೆ ಕೊಟ್ಟಿಗೆಗೆ ಹೋಗುತ್ತಾಳೆ. ದಾರಿಯಲ್ಲಿ ಒಂದು ದೀಪ ಹಾಕಿಸಿದ್ದೇವೆ; ಕರೆಂಟು ದಂಡವೆಂದು ಗೊಣಗಿ, ಬರುವಾಗ ಆರಿಸಿ ಬರುತ್ತಾಳೆ.